ಪೊಲೀಸ್ ನಾಯಿಯ ಮೇಲಿನ ನನ್ನ ಹೊಟ್ಟೆಕಿಚ್ಚು

ಹೊಸದಾಗಿ ಖಾಕಿ ಹಾಕುವ ಹುಡುಗ ಹುಡುಗಿಯರು ನಮ್ಮಂಥ ನಿವೃತ್ತರನ್ನು ಕಂಡರೆ ಮೊದಲು ಕೇಳುವುದು ಕಳ್ಳರ ಸುದ್ದಿ. ಎಂಥ ಕಳ್ಳ, ಹೇಗೆ ಸಿಕ್ಕ, ಎಷ್ಟು ದೂರ ಓಡಿದ. ನಾನು ಬೇರೆ ಸುದ್ದಿ ಬರೆಯಲು ಕುಳಿತಿದ್ದೇನೆ. ಮೂವತ್ತಾರು ವರ್ಷ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಅಂತ ಈ ಸೀಮೆಯೊಳಗೇ ಸುತ್ತಿದೆ. ತೋಳಿನ ಮೇಲೆ ಪಟ್ಟಿ ಯಾವಾಗ ಬಂತು, ಎಷ್ಟು ಬಂತು ಎಂಬುದು ನಿಮಗೂ ಬೇಡ, ನನಗೂ ಬೇಡ. ಆ ಮೂವತ್ತಾರು ವರ್ಷವೂ ನನ್ನ ಹೊಟ್ಟೆಯೊಳಗೆ ಕಿಚ್ಚು ಇತ್ತು, ಅದನ್ನು ಹೇಳಬೇಕು. ಮನುಷ್ಯರ ಮೇಲೆ ಇದ್ದದ್ದು ಸ್ವಲ್ಪ. ಬಹುಪಾಲು ಒಂದು ನಾಯಿಯ ಮೇಲೆ.

ನಗಬೇಡಿ. ನೀವು ಈಗ ಮೊಬೈಲ್ ಟವರ್ ನೋಡಿ ಕಳ್ಳ ಹೋದ ದಾರಿ ಹೇಳುತ್ತೀರಿ, ಸರ್ಕಲ್ಲಿನ ಕ್ಯಾಮೆರಾದಲ್ಲಿ ಅವನ ಮುಖ ನೋಡುತ್ತೀರಿ. ನಾನು ನೆಲ ನೋಡುತ್ತಿದ್ದೆ. ನನಗೆ ಬರುತ್ತಿದ್ದ ವಿದ್ಯೆ ಅದೊಂದೇ, ಹೆಜ್ಜೆ ಓದುವುದು. ತರಬೇತಿ ಶಾಲೆಯಲ್ಲಿ ಕಲಿತದ್ದಲ್ಲ, ಮನೆಯಲ್ಲಿ ಬಂದದ್ದು.

ನಮ್ಮದು ಊರು ಕಾಯುವ ಮನೆತನ. ನನ್ನ ಮುತ್ತಜ್ಜ ರಾಣಿ ಸರಕಾರದ ಕಾಲದಲ್ಲಿ, ಅಂದರೆ ಲಂಡನ್ನಿನಲ್ಲಿ ವಿಕ್ಟೋರಿಯಾ ರಾಣಿ ಆಳುತ್ತಿದ್ದಾಗ, ಊರಿನ ವಾಲೀಕಾರ. ಆಗ ಹಳ್ಳಿಗೆ ಬೆರಳಚ್ಚೂ ಬಂದಿರಲಿಲ್ಲ, ಫೋಟೋವೂ ಬಂದಿರಲಿಲ್ಲ. ಕಳುವಾದ ಮನೆಯ ಹಿಂದೆ ಒಂದು ಒಳ್ಳೆಯ ಹೆಜ್ಜೆ ಸಿಕ್ಕರೆ ಅದರ ಮೇಲೆ ಬುಟ್ಟಿ ಬೋರಲು ಹಾಕಿ, ಒಬ್ಬನನ್ನು ಕಾವಲಿಗೆ ಕೂರಿಸಿ, ಮುತ್ತಜ್ಜ ಉಳಿದ ಹೆಜ್ಜೆಗಳ ಬೆನ್ನು ಹತ್ತುತ್ತಿದ್ದ. ಊರಿನ ಸೀಮೆ ಮುಗಿಯುವಲ್ಲಿ ಆಚೆ ಊರಿನ ವಾಲೀಕಾರನನ್ನು ಕರೆಸಿ ಹೆಜ್ಜೆ ಒಪ್ಪಿಸುವುದು. ಅವನು ತನ್ನ ಸೀಮೆ ದಾಟಿಸಿ ಮುಂದಿನ ಊರಿಗೆ ಒಪ್ಪಿಸಬೇಕು. ಹೆಜ್ಜೆ ಯಾವ ಊರಿನಲ್ಲಿ ಕಾಣದೆ ಹೋಗುತ್ತದೋ, ಕಳ್ಳನನ್ನು ಹಿಡಿದುಕೊಡುವ ಹೊಣೆ ಆ ಊರಿನದು. ಅದಕ್ಕೇ ಕೆಲವು ಊರಿನವರು ಪಕ್ಕದೂರಿನಲ್ಲಿ ಕಳುವಾಯಿತು ಎಂಬ ಸುದ್ದಿ ಬಂದ ಕೂಡಲೇ ತಮ್ಮ ಸೀಮೆಯ ಮೇಲೆ ಕುರಿಹಿಂಡು ಅಡ್ಡಾಡಿಸಿಬಿಡುತ್ತಿದ್ದರಂತೆ. ಮುತ್ತಜ್ಜ ಕುರಿ ತುಳಿದ ಜಾಗ ಬಿಟ್ಟು, ದೊಡ್ಡದೊಂದು ಸುತ್ತು ಹಾಕಿ, ಆಚೆ ಬದಿಯಲ್ಲಿ ಅದೇ ಹೆಜ್ಜೆ ಮತ್ತೆ ಹಿಡಿಯುತ್ತಿದ್ದನಂತೆ.

ಒಮ್ಮೆ ಎತ್ತು ಕದ್ದವನು ಅದರ ಗೊರಸಿಗೆ ಗೋಣಿ ಚೀಲ ಕಟ್ಟಿ ಹೊಡೆದುಕೊಂಡು ಹೋಗಿದ್ದ. ನೆಲದ ಮೇಲೆ ಗುರುತೇ ಇಲ್ಲ. ಮುತ್ತಜ್ಜ ಜಾಲಿಮುಳ್ಳಿಗೆ ಸಿಕ್ಕಿದ ಗೋಣಿಯ ನಾರು ಆರಿಸುತ್ತ ಮಲಪ್ರಭೆ ದಂಡೆಯವರೆಗೆ ಹೋಗಿ, ಎತ್ತನ್ನೂ ಕಳ್ಳನನ್ನೂ ತೋರಿಸಿದ. ಗೋರಾ ಸಾಹೇಬ ಕುದುರೆಯ ಮೇಲಿಂದಲೇ ಕೇಳಿ ಬರೆದುಕೊಂಡ. ಬರೆದದ್ದರಲ್ಲಿ ಸಾಹೇಬನ ಜಾಣತನ ಇತ್ತಂತೆ, ಪಾಟೀಲರ ಮುತುವರ್ಜಿ ಇತ್ತಂತೆ. ಮುತ್ತಜ್ಜ ಬರೀ ಊರ ಆಳು. ಹೆಸರಿಲ್ಲ. ಹೆಜ್ಜೆಯ ಸುದ್ದಿಯನ್ನು ಅವನು ಪಾಟೀಲರ ವಾಡೆಯ ಅಂಗಳದಲ್ಲಿ ನಿಂತು ಹೇಳಬೇಕಿತ್ತು, ಕಟ್ಟೆ ಏರುವ ಹಾಗಿರಲಿಲ್ಲ. ನನ್ನ ಅಜ್ಜ ಇದನ್ನು ಎಷ್ಟು ಸಲ ಹೇಳಿದನೋ, ಅಷ್ಟು ಸಲವೂ ಅವನ ದವಡೆ ಬಿಗಿಯುತ್ತಿತ್ತು. ನನ್ನ ಹೊಟ್ಟೆಕಿಚ್ಚು ಅಲ್ಲಿಂದಲೇ ಬಂದಿರಬೇಕು.

ನನಗೆ ಕಲಿಸಿದವನು ಅಜ್ಜ. ಮನೆಯ ಮುಂದಿನ ಹುಡಿಯಲ್ಲಿ ಓಣಿಯ ಜನರ ಹೆಜ್ಜೆ ತೋರಿಸಿ, ಯಾರದು ಹೇಳು ಅನ್ನುತ್ತಿದ್ದ. ನಾನು ಚಪ್ಪಲಿಯ ಹೊಲಿಗೆ ನೋಡಿ ಹೇಳಿದರೆ ತಲೆಗೆ ಮೊಟಕುತ್ತಿದ್ದ. "ಚಪ್ಪಲಿ ನೋಡಬ್ಯಾಡೋ, ಚಪ್ಪಲ್ಯಾಗಿನ ಕಾಲು ನೋಡು."

ನೌಕರಿಗೆ ಸೇರಿದ ಮೊದಲ ವರ್ಷಗಳಲ್ಲಿ ನನ್ನ ಕಿಚ್ಚು ಕಿತ್ತೂರಿನ ಕಡೆ ನನ್ನ ಜೊತೆ ಇದ್ದ, ಠಾಣೆಯ ಕಾಗದಪತ್ರ ಬರೆಯುವ ಒಬ್ಬ ರೈಟರ್ ಮೇಲೆ ಇತ್ತು. ಅವನ ಅಕ್ಷರ ಮುತ್ತು ಪೋಣಿಸಿದ ಹಾಗೆ. ನಾನು ಬಿಸಿಲಲ್ಲಿ ಮೂರು ಹರದಾರಿ ನಡೆದು ಹಿಡಿದ ಕಳ್ಳನನ್ನು ಅವನು ಫ್ಯಾನಿನ ಕೆಳಗೆ ಕುಳಿತು ಹಾಳೆಯ ಮೇಲೆ ಹಿಡಿಯುತ್ತಿದ್ದ, ಸಾಹೇಬರು ಅವನ ಬೆನ್ನು ತಟ್ಟುತ್ತಿದ್ದರು. ಪಂಚನಾಮೆ ಬರೆಯಲು ನೀವು ಚೆನ್ನಾಗಿ ಕಲಿಯಿರಿ, ಅದು ನನ್ನ ಅನುಭವದ ಮಾತು. ಹಿಡಿದವನಿಗಿಂತ ಬರೆದವನು ಮೇಲೆ.

ಎಲ್ಲರ ಮುಂದೆ ಮೆರೆಯುವ ಆಸೆಗೆ ಒಮ್ಮೆ ತಕ್ಕ ಶಾಸ್ತಿಯೂ ಆಯಿತು. ರಾಮದುರ್ಗದ ಕಡೆಯ ಹಳ್ಳಿಯೊಂದರಲ್ಲಿ ಪಂಪ್‌ಸೆಟ್ ಕಳುವಾಗಿತ್ತು. ನಾವು ಹಿಂದಿನ ಸಂಜೆಯೇ ಹೋಗಿ ಶಾಲೆಯಲ್ಲಿ ತಂಗಿದ್ದೆವು. ಮುಂಜಾನೆ ನಾನು ಬಾವಿಯ ಹತ್ತಿರ ಹೆಜ್ಜೆ ಹಿಡಿದು, ಕಬ್ಬಿನ ಬದುವಿನ ಮೇಲೆ ಹಾಯ್ದು, ಒಂದು ಬೇವಿನ ಮರದ ಮರೆಗೆ ಹೋಗಿ ನಿಂತೆ. ಅರ್ಧ ಊರು ಹಿಂದೆ ಬಂದಿತ್ತು.

"ಸಾಹೇಬ್ರ, ಕಳ್ಳ ಇಲ್ಲಿ ಬಂದು ಭಾಳ ಹೊತ್ತು ಕುಂತಾನ್ರಿ. ಮೈ ಭಾರ ಐತಿ. ಬಲಗಾಲು ಎಳೀತಾನ, ಮೊಣಕಾಲು ಹಿಡಕೊಂಡಿರಬೇಕು" ಎಂದು ಊರಿಗೆಲ್ಲ ಕೇಳುವಂತೆ ಕೂಗಿದೆ.

ದಪ್ಪ ಹೊಟ್ಟೆಯ ನಮ್ಮ ಸಬ್ ಇನ್ಸ್‌ಪೆಕ್ಟರ್ ಸಾಹೇಬರು ಮೊಣಕಾಲು ಸವರಿಕೊಳ್ಳುತ್ತ ಹತ್ತಿರ ಬಂದು ಸಣ್ಣ ದನಿಯಲ್ಲಿ ಅಂದರು: "ಸಾಕು ಬಾ ದುರಗಪ್ಪಾ. ಮುಂಜಾನೆ ತಂಬಗಿ ತಗೊಂಡು ನಾನ ಬಂದಿದ್ದೆ."

ಆ ಸುದ್ದಿ ನನಗಿಂತ ಮೊದಲು ಠಾಣೆ ಮುಟ್ಟಿತು. ಆದರೂ ಹೇಳುತ್ತೇನೆ, ನಾನು ಓದಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ.

ಮುಂದೆ ಸವದತ್ತಿಯ ಕಡೆ ಇದ್ದಾಗ ಜೂಲಿ ಬಂದಳು. ಜಿಲ್ಲೆಯಿಂದ ಕಳಿಸುತ್ತಿದ್ದ ಪೊಲೀಸ್ ನಾಯಿ. ಕಂದು ಮೈ, ಕಪ್ಪು ಬೆನ್ನು, ನೆಟ್ಟಗೆ ನಿಂತ ಕಿವಿ. ಅವಳನ್ನು ನೋಡಿಕೊಳ್ಳುವವನು ಶಿವಾನಂದ ಅಂತ, ನನಗಿಂತ ಸಣ್ಣವ, ಒಳ್ಳೆಯ ಹುಡುಗ, ನನ್ನನ್ನು ದುರಗಪ್ಪಣ್ಣಾರ ಎಂದೇ ಕರೆಯುತ್ತಿದ್ದ. ಜೂಲಿಗೆ ದಿನಾ ಹಾಲು, ತತ್ತಿ, ಮಾಂಸ. ಬರಲು ಜೀಪು. ನಾನು ಅದೇ ಜಾಗಕ್ಕೆ ಬಸ್ಸಿನಲ್ಲಿ ನಿಂತುಕೊಂಡು ಹೋಗಬೇಕು. ನಾನು ಎರಡು ತಾಸು ಬಗ್ಗಿ ನೆಲ ನೋಡುತ್ತಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಜೂಲಿ ಒಮ್ಮೆ ಮೂಸಿದರೆ ಮಾಳಿಗೆಯ ಮೇಲೆಲ್ಲ ಜನ. ಒಂದು ಸಲ ಪೇಪರಿನಲ್ಲಿ ಅವಳ ಫೋಟೋ ಬಂತು. ಪಕ್ಕದಲ್ಲಿ ಒಂದು ಮೊಣಕೈ ಕಾಣುತ್ತದೆ, ಅದು ನನ್ನದು. ನನ್ನ ಹೆಂಡತಿ ಅದನ್ನು ನೋಡಿ, "ನಾಯಿ ಭಾಳ ಲಕ್ಷಣ ಐತಿ ನೋಡ್ರಿ" ಅಂದಾಗ ನಾನು ಊಟ ಬಿಟ್ಟು ಎದ್ದೆ. ಮೂಕ ಪ್ರಾಣಿಯ ಮೇಲೆ ಮೈ ಪರಚಿಕೊಳ್ಳುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಗುತ್ತಿತ್ತು. ಆದರೆ ಕಿಚ್ಚು ಆರುತ್ತಿರಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಯರಗಟ್ಟಿಯ ಹತ್ತಿರದ ಒಂದು ಹಳ್ಳಿ. ಅಲ್ಲಿ ಮದುವೆ ಇತ್ತು, ಊರೆಲ್ಲ ಹಂದರದ ಕೆಳಗೆ. ಆ ಹೊತ್ತಿನಲ್ಲಿ ಊರಿನ ದೊಡ್ಡ ವಾಡೆಗೆ ಹಿತ್ತಲ ಕಡೆಯಿಂದ ಯಾರೋ ಹೊಕ್ಕು, ಟ್ರಂಕಿನ ಕೀಲಿ ಮುರಿದು, ಬಂಗಾರ ಒಯ್ದಿದ್ದರು. ನಾವು ಹೋದೆವು. ಜೂಲಿಯೂ ಬಂದಳು. ಅವಳು ನೇರ ಕಟ್ಟೆ ಏರಿ, ಜಮಖಾನೆ ತುಳಿದು, ದೇವರ ಕೋಣೆಯ ಬಾಗಿಲವರೆಗೆ ಹೋದಳು. ವಾಡೆಯ ಧಣಿ ತಾವೇ ಕುರ್ಚಿ ಸರಿಸಿ ಅವಳಿಗೆ ದಾರಿ ಮಾಡಿಕೊಟ್ಟರು. ಸಾಹೇಬರು ನನಗೆ, "ದುರಗಪ್ಪಾ, ನೀ ಹೊರಗಿನಿಂದ ಹಿತ್ತಲಕ್ಕ ಹೋಗು" ಅಂದರು. ಅವರು ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಹೆಜ್ಜೆ ಇದ್ದದ್ದೇ ಅಲ್ಲಿ. ಆದರೆ ಆ ಅಂಗಳದಲ್ಲಿ ನಿಂತ ನನಗೆ ಮುತ್ತಜ್ಜನ ನೆನಪಾಗಿ ಎದೆ ಉರಿದುಹೋಯಿತು.

ಹಿತ್ತಲ ಆಚೆ ಹೊಲಕ್ಕೆ ಕಾಲುವೆ ನೀರು ಬಿಟ್ಟಿದ್ದರು. ಹಸಿ ಎರೆಮಣ್ಣಿನಲ್ಲಿ ಹೆಜ್ಜೆ ಅಚ್ಚೊತ್ತಿದ ಹಾಗೆ ಕೂತಿತ್ತು. ಟೈರಿನ ಚಪ್ಪಲಿ, ಬಲ ಹಿಮ್ಮಡಿಗೆ ಮೂರು ಮೂಲೆಯ ತೇಪೆ, ಮೂರು ಮೊಳೆ. ಆ ಚಪ್ಪಲಿ ನನಗೆ ಗೊತ್ತು. ಯರಗಟ್ಟಿ ಮಾರ್ಕೆಟ್ಟಿನ ಹಮಾಲ ಸಿದ್ದಪ್ಪನದು. ಹುಟ್ಟಿದ್ದು ಈ ಹಳ್ಳಿಯಲ್ಲೇ, ಮದುವೆಗೂ ಬಂದಿದ್ದ. ದಲಾಲಿ ಅಂಗಡಿಯೊಂದರ ಗೋದಾಮಿನ ಕೀಲಿ ಅವನ ಉಡದಾರದಲ್ಲಿ ಇರುತ್ತಿತ್ತು, ಅಷ್ಟು ನಂಬಿಕಸ್ಥ.

ಆದರೆ ಆ ಚಪ್ಪಲಿಯೊಳಗಿನ ಕಾಲು ಸಿದ್ದಪ್ಪನದಲ್ಲ. ನೋಡಿದ ಕೂಡಲೇ ಗೊತ್ತಾಯಿತು. ಕ್ವಿಂಟಲ್ ಚೀಲ ಹೊತ್ತು ಬೆಳೆದ ಹಮಾಲನ ಕಾಲು ಅಗಲಕ್ಕೆ ಬೀಳುತ್ತದೆ, ಬೆರಳು ಹೊರಗೆ ತಿರುಗುತ್ತವೆ, ಹಿಮ್ಮಡಿ ಆಳಕ್ಕೆ ಇಳಿಯುತ್ತದೆ. ಇಲ್ಲಿ ಹಿಮ್ಮಡಿ ನೆಲ ಮುಟ್ಟಿತೋ ಇಲ್ಲವೋ. ಕಾಲು ಸಣ್ಣದು, ಚಪ್ಪಲಿ ದೊಡ್ಡದಾಗಿ ಮುಂದಕ್ಕೆ ಜಾರಿದೆ, ಹೆಜ್ಜೆಗಳು ಒಂದೇ ಗೆರೆಯಲ್ಲಿ. ಬೂಟು ಹಾಕಿ ರೂಢಿಯಾದ ಹಗುರ ಮೈಯವನು. ನಾನು ಒಂದು ಹೆಜ್ಜೆಯ ಮೇಲೆ ಬುಟ್ಟಿ ಬೋರಲು ಹಾಕಿ, ಒಬ್ಬ ಹೋಮ್‌ಗಾರ್ಡನ್ನು ಕೂರಿಸಿ, ಮುಂದಕ್ಕೆ ಬಂದೆ.

ಅಷ್ಟರಲ್ಲಿ ಜೂಲಿ ಮುರಿದ ಟ್ರಂಕನ್ನು ಮೂಸಿ, ಓಣಿ ತಿರುಗಿ, ಧಣಿಯ ತಮ್ಮನ ಮನೆಯ ಬಾಗಿಲಲ್ಲಿ ಕುಳಿತುಬಿಟ್ಟಿದ್ದಳು. ಒಳಗಿನಿಂದ ಧಣಿಯ ತಮ್ಮನ ಮಗ ಮಹಾಂತೇಶ ಹೊರಗೆ ಬಂದ. ತೆಳ್ಳಗಿನ ಹುಡುಗ, ಕಾಲಲ್ಲಿ ಬೂಟು, ನಡಿಗೆ ಗೆರೆ ಎಳೆದ ಹಾಗೆ. ನನ್ನ ಲೆಕ್ಕ ಅಲ್ಲಿಗೇ ಮುಗಿಯಿತು. ಹಂದರದ ಹೊರಗೆ ಬಿಟ್ಟ ಚಪ್ಪಲಿಗಳಲ್ಲಿ ಕೈಗೆ ಸಿಕ್ಕದ್ದು ಮೆಟ್ಟಿಕೊಂಡು ಹೋಗಿ, ಕೆಲಸ ಮುಗಿಸಿ, ಊಟದ ಪಂಕ್ತಿ ಏಳುವುದರೊಳಗೆ ತಿರುಗಿ ಅಲ್ಲೇ ಬಿಟ್ಟಿದ್ದಾನೆ.

ಧಣಿ ಸಿಟ್ಟಿಗೆದ್ದಿದ್ದರು. "ಏನ್ರಿ ಸಾಹೇಬ್ರ, ನಮ್ಮ ಮನಿ ಹುಡುಗನ್ನ ನಾಯಿ ಕಡಿಂದ ಕಳ್ಳನ್ನ ಮಾಡಸ್ತೀರೇನು?"

ಸಾಹೇಬರ ಮುಖ ಬಿಳಿಚಿತು. ನನ್ನ ಕಡೆ ತಿರುಗಿದರು. "ದುರಗಪ್ಪಾ, ನೀ ಏನಂತೀ?"

ಊರೆಲ್ಲ ನನ್ನನ್ನು ನೋಡುತ್ತಿತ್ತು. ಜೂಲಿಯೂ ನಾಲಗೆ ಚಾಚಿಕೊಂಡು ನನ್ನನ್ನೇ ನೋಡುತ್ತಿದ್ದಳು. ನಾಯಿ ಹೇಳಿದ್ದು ಖರೆ ಅಂತ ನಾನು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಮರುದಿನ ಪೇಪರಿನಲ್ಲಿ ಮತ್ತೆ ಅವಳ ಮುಖ, ನನ್ನ ಮೊಣಕೈ. ಇಡೀ ಸರ್ವಿಸ್ಸಿನಲ್ಲಿ ಮೊದಲ ಸಲ ಸಾಹೇಬರು ಎಲ್ಲರ ಮುಂದೆ ನನ್ನ ಮಾತು ಕೇಳಿದ್ದರು, ನಾನು ನಾಯಿಗೆ ಹೂಂಗುಟ್ಟಬೇಕೇ?

"ಚಪ್ಪಲಿ ಹಮಾಲ ಸಿದ್ದಪ್ಪಂದ್ರಿ" ಅಂದೆ.

ಸುಳ್ಳು ಹೇಳಲಿಲ್ಲ. ಚಪ್ಪಲಿ ಅವನದೇ. ಅಷ್ಟು ಹೇಳಿ ಬಾಯಿ ಮುಚ್ಚಿಕೊಂಡೆ. ಉಳಿದರ್ಧ ಹೇಳಲಿಲ್ಲ.

ಶಿವಾನಂದ ಜೂಲಿಯ ಹಗ್ಗ ಸುತ್ತಿಕೊಂಡು ಜೀಪು ಹತ್ತಿದ. ಅವನ ಸಪ್ಪೆ ಮುಖ ನೋಡಿ ನನಗೆ ಹಾಲು ಕುಡಿದಷ್ಟು ತಂಪಾಯಿತು. ಬರೆಯಲು ಕಷ್ಟವಾದರೂ ಬರೆಯುತ್ತಿದ್ದೇನೆ, ಖುಷಿಯೇ ಆಯಿತು.

ಸಿದ್ದಪ್ಪನನ್ನು ಮಾರ್ಕೆಟ್ಟಿನಿಂದಲೇ, ಬೆನ್ನ ಮೇಲಿನ ಚೀಲ ಇಳಿಸಿ ಕರೆತಂದರು. ಎರಡು ದಿನ ಠಾಣೆಯಲ್ಲಿ ಇದ್ದ. ಆಗಿನ ವಿಚಾರಣೆ ಹೇಗಿರುತ್ತಿತ್ತು ಎಂದು ಬಿಡಿಸಿ ಬರೆಯುವುದಿಲ್ಲ, ಅವನ ಎಡ ಕಿವಿ ಇವತ್ತಿಗೂ ಮಂದ. ಮೊದಲ ದಿನವೇ ದಲಾಲಿ ಅಂಗಡಿಯವರು ಬಂದು ಗೋದಾಮಿನ ಕೀಲಿ ಇಸಿದುಕೊಂಡು ಹೋದರು. ಬಂಗಾರ ಎಲ್ಲಿ ಅಂತ ಕೇಳಿದರೆ ಅವನು, "ನಾ ಊಟಕ್ಕ ಕುಂತಿದ್ದೆನ್ರಿ" ಅನ್ನುವುದು ಬಿಟ್ಟು ಬೇರೆ ಮಾತಾಡಲಿಲ್ಲ. ನಾನು ಕಾಗದಪತ್ರದ ನೆಪ ಮಾಡಿಕೊಂಡು ಆ ಕೋಣೆಯ ಕಡೆ ಹೋಗದೆ ಇದ್ದೆ.

ಎರಡನೆಯ ದಿನ ಮಧ್ಯಾಹ್ನ ಅವನ ಹೆಂಡತಿ ರೊಟ್ಟಿಯ ಗಂಟು ಹಿಡಿದು ಬಂದಳು. ಬೇರೆ ಯಾರ ಹತ್ತಿರವೂ ಹೋಗದೆ ನೇರ ನನ್ನ ಮುಂದೆ ನಿಂತಳು.

"ಹವಾಲ್ದಾರ್ರ, ನೀವು ಹೆಜ್ಜಿ ಓದ್ತೀರಂತ, ಮಂದಿ ಹೇಳಿದ್ರು. ನಮ್ಮವರ ಹೆಜ್ಜಿ ಒಂದು ಸರ್ತಿ ನೋಡ್ರಿ. ಮತ್ತೇನೂ ಕೇಳೂದಿಲ್ಲ. ನೀವು ನೋಡಿ ಅವರದ ಅಂದ್ರ ನಾ ಒಪ್ಪಿಕೊಂಡು ಹೊಕ್ಕೇನಿ."

ನನ್ನ ವಿದ್ಯೆಯ ಮೇಲೆ ಅಷ್ಟು ನಂಬಿಕೆ ಯಾರೂ ಇಟ್ಟಿರಲಿಲ್ಲ, ಗೋರಾ ಸಾಹೇಬನ ಕಾಲದಿಂದಲೂ ನಮ್ಮ ಮನೆತನಕ್ಕೆ ಯಾರೂ ಇಟ್ಟಿರಲಿಲ್ಲ. ನನಗೆ ಅವಳ ಮುಖ ನೋಡಲು ಆಗಲಿಲ್ಲ. ಎದ್ದು ಸಾಹೇಬರ ಹತ್ತಿರ ಹೋಗಿ, "ಬುಟ್ಟಿ ಕೆಳಗಿನ ಹೆಜ್ಜಿ ಇನ್ನೊಮ್ಮೆ ತಾಳೆ ನೋಡಬೇಕ್ರಿ, ನನಗ ಅನುಮಾನ ಐತಿ" ಅಂದೆ. ಅನುಮಾನ ಅಂದೆ. ಗೊತ್ತು ಅನ್ನಲಿಲ್ಲ.

ಸಂಜೆಯ ಬೆಳಕು ಇರುವಾಗಲೇ ಪಂಚರ ಮುಂದೆ ಬುಟ್ಟಿ ಎತ್ತಿದೆವು. ಎರೆಮಣ್ಣು ಆರುತ್ತ ಬಂದಿದ್ದರೂ ಹೆಜ್ಜೆ ಹಾಗೇ ಇತ್ತು. ಪಕ್ಕದ ನೆಲಕ್ಕೆ ನೀರು ಹೊಯ್ದು ನೆನೆಸಿ, ಸಿದ್ದಪ್ಪನಿಗೆ ಅವನದೇ ಚಪ್ಪಲಿ ಮೆಟ್ಟಿಸಿ ನಡೆಸಿದೆವು. ಅವನಿಗೆ ಸರಿಯಾಗಿ ನಿಲ್ಲಲೂ ಆಗುತ್ತಿರಲಿಲ್ಲ. ಆದರೂ ಹಿಮ್ಮಡಿ ಕುಣಿ ಬಿದ್ದ ಹಾಗೆ ಇಳಿಯಿತು, ಬೆರಳು ಹೊರಗೆ ತಿರುಗಿದವು. ಹೆಜ್ಜೆ ಓದಲು ಬಾರದವನಿಗೂ ಕಾಣುತ್ತಿತ್ತು. ಆಮೇಲೆ ಮಹಾಂತೇಶನನ್ನು ಅದೇ ಚಪ್ಪಲಿಯಲ್ಲಿ ನಡೆಸಿದಾಗ ಧಣಿ ತಾವೇ ತಲೆ ತಗ್ಗಿಸಿದರು. ಬಂಗಾರ ಮಹಾಂತೇಶನ ಮನೆಯ ಜೋಳದ ಕಣಕಿಯ ಬಣವೆಯೊಳಗೆ ಸಿಕ್ಕಿತು.

ಪೇಪರಿನಲ್ಲಿ ದೊಡ್ಡದಾಗಿ ಬಂತು, ಹೆಜ್ಜೆ ಓದಿ ನಿರಪರಾಧಿಯನ್ನು ಉಳಿಸಿದ ಹವಾಲ್ದಾರ ಎಂದು. ಫೋಟೋದಲ್ಲಿ ನಾನೊಬ್ಬನೇ. ಬುಟ್ಟಿ ಹಿಡಿದುಕೊಂಡು ನಿಂತಿದ್ದೇನೆ. ಜೂಲಿಯ ಹೆಸರೂ ಇರಲಿಲ್ಲ. ಹೆಂಡತಿ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಳು. ಶಿವಾನಂದ ಬಂದು ಕೈ ಕುಲುಕಿದ.

ಸಿದ್ದಪ್ಪ ಬಿಡುಗಡೆಯಾದವನು ನನ್ನ ಕಾಲಿಗೆ ಬಿದ್ದ. ಬೀಳಬೇಡವೆಂದು ಹಿಡಿದೆತ್ತಿದೆ. ಕೀಲಿ ಅವನಿಗೆ ತಿರುಗಿ ಸಿಗಲಿಲ್ಲ. ಪೊಲೀಸರು ಒಯ್ದಿದ್ದರಲ್ಲ ಎಂಬ ಮಾತು ಒಮ್ಮೆ ಅಂಟಿದ ಮೇಲೆ ಹೋಗುವುದಿಲ್ಲ, ಕೊನೆಯವರೆಗೂ ಬರೀ ಚೀಲ ಹೊರುವ ಹಮಾಲನಾಗಿಯೇ ಉಳಿದ. ಆದರೂ ಪ್ರತಿವರ್ಷ ಹೊಸ ಶೇಂಗಾ ಬಂದಾಗ ಒಂದು ಚೀಲ ಹೊತ್ತು ನಾನಿದ್ದ ಊರಿಗೆ ಬರುತ್ತಿದ್ದ. ನನಗೆ ಮತ್ತೆ ವರ್ಗವಾದಾಗ ರಾಮದುರ್ಗಕ್ಕೂ ಬಂದ, ಕಿತ್ತೂರಿಗೂ ಬಂದ. "ಅಣ್ಣಾರ, ನೀವು ಇದ್ದದ್ದಕ್ಕ ಉಳದೆ" ಅನ್ನುವುದು, ಚಹಾ ಕುಡಿಯುವುದು, ಹೋಗುವುದು. ನಾನು ಆ ಶೇಂಗಾ ತಿಂದೆ. ಇಪ್ಪತ್ತೈದು ವರ್ಷ ತಿಂದೆ. ನಡುವೆ ಜೂಲಿ ಸತ್ತಳು. ಅವಳಿಗೆ ಹಾರ ಹಾಕಿ, ಸಾಲಾಗಿ ನಿಂತು ಸೆಲ್ಯೂಟ್ ಹೊಡೆದು ಮಣ್ಣು ಮಾಡಿದರಂತೆ. ಅದನ್ನು ಕೇಳಿದಾಗಲೂ ನನಗೆ ಉರಿದದ್ದು ಖರೆ.

ಹೋದ ವರ್ಷ ಹೊಸ ಪೊಲೀಸರಿಗೆ ನಾಲ್ಕು ಮಾತು ಹೇಳಲು ನನ್ನನ್ನು ಕರೆದಿದ್ದರು. ಈ ಕೇಸು ಹೇಳಿದೆ, ಪೇಪರಿನಲ್ಲಿ ಬಂದ ಹಾಗೆ. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. "ಸರ್, ಎರಡು ದಿನ ಆದಮ್ಯಾಲೆ ನೋಡಿದ್ರೂ ಅಷ್ಟು ಛಲೋ ಕಾಣತಿತ್ತು ಅಂದ್ರ, ಮೊದಲನೇ ದಿನ ನಿಮಗ ಯಾಕ ಗೊತ್ತಾಗಲಿಲ್ಲರಿ?"

ಕೆಸರು ಹೆಚ್ಚಿತ್ತು ಅಂದೆ. ಅವಳು ತಲೆ ಅಲ್ಲಾಡಿಸಿ ಕುಳಿತಳು. ಅವಳ ಕಣ್ಣಿನಲ್ಲಿ ನಂಬಿಕೆ ಇರಲಿಲ್ಲ. ಒಳ್ಳೆಯ ಪೊಲೀಸ್ ಆಗುತ್ತಾಳೆ. ಅವಳಿಗೆ ಕೊಡಬೇಕಿದ್ದ ಉತ್ತರವನ್ನೇ ಇಲ್ಲಿ ಬರೆದಿದ್ದೇನೆ. ಆದರೆ ಬರೆಯುವ ಮೊದಲು ಇದನ್ನು ನನ್ನ ಬಾಯಿಂದಲೇ ಕೇಳಬೇಕಾದವನು ಒಬ್ಬನಿದ್ದ.

ಯರಗಟ್ಟಿಗೆ ಹೋದೆ. ಸಿದ್ದಪ್ಪ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ, ಬೆನ್ನು ಬಾಗಿದೆ. ಅವನ ಹೆಂಡತಿ ನೀರು ಕೊಟ್ಟಳು. ಅವನ ಬಲ ಕಿವಿಯ ಬದಿಗೆ ಕುಳಿತು ಎಲ್ಲ ಹೇಳಿದೆ. ಮೊದಲ ದಿನವೇ ಓದಿದ್ದೆ, ನಾಯಿಗೆ ಹೆಸರು ಬರಬಾರದೆಂದು ನುಂಗಿಕೊಂಡೆ ಎಂದೆ.

ಬೈಯುತ್ತಾನೆ ಅಂದುಕೊಂಡೆ. ಹೊಡೆದರೂ ಸುಮ್ಮನಿರಬೇಕೆಂದು ಮನಸ್ಸು ಮಾಡಿಕೊಂಡೇ ಹೋಗಿದ್ದೆ.  ಅವನು ಕೇಳಿದ್ದು ಬೇರೆ:

"ಹಂಗಾರ ಆ ನಾಯಿ ಮೊದಲನೇ ದಿನಾನ ಖರೇ ತೋರಿಸಿತ್ತೇನ್ರಿ?"

"ಹೂಂ."

"ಅದನ್ನ ಸಾಕಿದವರು ಎಲ್ಲಿ ಇರತಾರ್ರಿ?"

ಶಿವಾನಂದ ರಿಟೈರ್ ಆಗಿ ಬೈಲಹೊಂಗಲದಲ್ಲಿ ಮನೆ ಮಾಡಿದ್ದಾನೆಂದು ಹೇಳಿದೆ.  ಚಹಾ ಬಂತು, ನನಗೊಬ್ಬನಿಗೇ. ಕುಡಿದು ಎದ್ದು ಬಂದೆ.

ಈ ಸಲ ಹೊಸ ಶೇಂಗಾ ಬಂದು ತಿಂಗಳಾಯಿತು. ನನ್ನ ಬಾಗಿಲಿಗೆ ಯಾರೂ ಬರಲಿಲ್ಲ. ಮೊನ್ನೆ ಶಿವಾನಂದನ ಫೋನು ಬಂತು.

"ದುರಗಪ್ಪಣ್ಣಾರ, ಯಾರೋ ಸಿದ್ದಪ್ಪ ಅಂತ ಯರಗಟ್ಟಿಯಿಂದ ಬಸ್ಸಿನ್ಯಾಗ ಬಂದಿದ್ರರಿ. ಒಂದು ಚೀಲ ಶೇಂಗಾ ಇಳಿಸಿ, ಇದು ಜೂಲಿದು ಅಂದ್ರು. ಅಜ್ಜಾರ, ಜೂಲಿ ಸತ್ತು ಭಾಳ ವರ್ಷ ಆತು ಅಂದೆ. ಗೊತ್ತೈತಿ, ನನಗ ತಿಳಿಯೂದು ತಡಾ ಆತು ಅಂದ್ರು. ಅವಳ ಫೋಟೋಕ್ಕ ಕೈ ಮುಗದು ಹ್ವಾದ್ರು. ಏನ್ ವಿಷಯ್ರೀ ಅಣ್ಣಾರ?"

ಅವನಿಗೆ ಪೂರ್ತಿ ಹೇಳಿದೆ. ಫೋನು ಇಟ್ಟ ಮೇಲೆ ಮನಸ್ಸು ಹಗುರವಾಗುತ್ತದೆ ಅಂದುಕೊಂಡಿದ್ದೆ. ಸತ್ತ ನಾಯಿಯ ಫೋಟೋಕ್ಕೆ ಅವನು ಕೈ ಮುಗಿದದ್ದೇ ಕಣ್ಣ ಮುಂದೆ ಬಂದು, ಹೊಟ್ಟೆ ಮತ್ತೆ ಉರಿಯತೊಡಗಿತು.